ಭಾವನ ಡೀಸೆಲ್ ಕಾರಿಗೆ ಹನ್ನೆರಡೂವರೆ ಪೌಂಡ್

ಕ್ಯಾಟ್‌ಫರ್ಡ್, ಲಂಡನ್
ಫೆಬ್ರವರಿ 2025

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಮಂಡಿನೋವು ಈಗ ಪರವಾಗಿಲ್ಲ ಎಂದು ತಮ್ಮ ಹೇಳಿದ, ಕೇಳಿ ಸಮಾಧಾನವಾಯಿತು. ವೀಸಾ ಬಂದಿದೆ, ಟಿಕೆಟ್ಟೂ ಆಗಿದೆ. ಮೇ ತಿಂಗಳಲ್ಲಿ ನೀವಿಬ್ಬರೂ ಹೀಥ್ರೂನಲ್ಲಿ ಇಳಿಯುತ್ತೀರಿ ಎಂದುಕೊಂಡರೇ ಮನಸ್ಸು ತುಂಬಿಬರುತ್ತದೆ.

ನಿಮ್ಮನ್ನು ಕರೆದುಕೊಂಡು ಬರಲು ಲೆಸ್ಟರಿನಿಂದ ಅಕ್ಕ, ಭಾವ ಕಾರು ತರುತ್ತಾರೆ, ಆ ಕಾರಿಗೆ ಲಂಡನ್ನಿನಲ್ಲಿ ದುಡ್ಡು ಕಟ್ಟಬೇಕಾಗುತ್ತದೆ ಎಂದು ಫೋನಿನಲ್ಲಿ ಹೇಳಿದಾಗ ನೀವು ಒಂದು ಪ್ರಶ್ನೆ ಕೇಳಿದಿರಿ: "ಗಾಡಿ ಸರಿಯಾಗಿ ಸರ್ವೀಸ್ ಆಗಿದೆ, ಸೈಲೆನ್ಸರಿನಲ್ಲಿ ಹೊಗೆಯೇ ಕಾಣಲ್ಲ ಅಂತೀಯ. ಮತ್ತೆ ದುಡ್ಡು ಯಾತಕ್ಕೆ?" ಬಸ್ ಡಿಪೋದಲ್ಲಿ ಎಂಜಿನ್ನಿನ ಸದ್ದು ಕೇಳಿಯೇ ಯಾವ ಇಂಜೆಕ್ಟರ್ ಕೆಟ್ಟಿದೆ ಎಂದು ಹೇಳುತ್ತಿದ್ದವರು ನೀವು. ನಿಮಗೆ ಫೋನಿನಲ್ಲಿ ಎರಡು ಮಾತಿನ ಉತ್ತರ ಕೊಟ್ಟು ಸುಮ್ಮನಾಗಲು ಮನಸ್ಸಾಗಲಿಲ್ಲ. ವಿವರವಾಗಿ ಬರೆಯುತ್ತಿದ್ದೇನೆ, ನಿಧಾನವಾಗಿ ಓದಿ.

ಮೊದಲು, ಇದು ದಂಡವಲ್ಲ, ಶುಲ್ಕ. ಇಲ್ಲಿ ಎಲ್ಲರೂ ಯೂಲೆಜ್ ಎನ್ನುತ್ತಾರೆ, ಅಲ್ಟ್ರಾ ಲೋ ಎಮಿಷನ್ ಜೋನ್ ಎಂಬುದರ ಗಿಡ್ಡ ಹೆಸರು. ಅಂದರೆ ಹೆಚ್ಚು ಮಾಲಿನ್ಯ ಮಾಡುವ ಗಾಡಿ ಓಡಿಸಿದರೆ ದುಡ್ಡು ಕಟ್ಟಬೇಕಾದ ವಲಯ. 2019ರ ಏಪ್ರಿಲ್ 8ರಂದು ಲಂಡನ್ನಿನ ನಡುಭಾಗದಲ್ಲಿ ಮಾತ್ರ ಶುರುವಾಯಿತು. 2021ರ ಅಕ್ಟೋಬರ್‌ನಲ್ಲಿ ನಾರ್ತ್ ಸರ್ಕ್ಯುಲರ್, ಸೌತ್ ಸರ್ಕ್ಯುಲರ್ ಎಂಬ ವರ್ತುಲ ರಸ್ತೆಗಳವರೆಗೆ ಹಬ್ಬಿತು. 2023ರ ಆಗಸ್ಟ್ 29ರಿಂದ ಇಡೀ ಲಂಡನ್ ಇದರೊಳಗೆ ಬಂದಿದೆ. ಹೀಥ್ರೂ ಊರಿನ ಪಶ್ಚಿಮದ ಅಂಚಿನಲ್ಲಿದ್ದರೂ ಒಳಗೇ ಸೇರಿದೆ. ಲಂಡನ್ನನ್ನು ಸುತ್ತಿ ಹೋಗುವ ಎಂ25 ಹೆದ್ದಾರಿ ಸೇರಿಲ್ಲ. ಅಂದರೆ ಭಾವ ಲೆಸ್ಟರಿನಿಂದ ಎಂ1 ಹಿಡಿದು, ಎಂ25ರಲ್ಲಿ ಸುತ್ತಿಕೊಂಡು ಬರುವವರೆಗೆ ಯಾವ ಶುಲ್ಕವೂ ಇಲ್ಲ. ವಿಮಾನ ನಿಲ್ದಾಣದ ಕಡೆ ತಿರುಗಿದ ಮೇಲೆ ಲೆಕ್ಕ ಶುರು. ಟೋಲ್ ಗೇಟ್ ಇಲ್ಲ, ಯಾರೂ ಕೈ ಅಡ್ಡ ಹಿಡಿಯುವುದಿಲ್ಲ. ಕಂಬದ ಮೇಲಿನ ಕ್ಯಾಮೆರಾ ನಂಬರ್ ಪ್ಲೇಟ್ ಓದಿಕೊಳ್ಳುತ್ತದೆ, ಅಷ್ಟೇ.

ಮಾಲಿನ್ಯದ ನಿಯಮಕ್ಕೆ ಹೊಂದದ ಕಾರಾದರೆ ದಿನಕ್ಕೆ 12.50 ಪೌಂಡ್. ಹೊಂದುವ ಕಾರಾದರೆ ಏನೂ ಇಲ್ಲ. ಡಿಸೆಂಬರ್ 25ರಂದು ಬಿಟ್ಟು ವರ್ಷವಿಡೀ, ಹಗಲೂ ರಾತ್ರಿಯೂ ಇದು ಜಾರಿಯಲ್ಲಿರುತ್ತದೆ. ಸುಮ್ಮನೆ ನಿಲ್ಲಿಸಿದ ಗಾಡಿಗೆ ಲೆಕ್ಕವಿಲ್ಲ, ಓಡಿಸಿದ ದಿನಕ್ಕೆ ಮಾತ್ರ.

ಹೊಂದುತ್ತದೋ ಇಲ್ಲವೋ ಎಂದು ನೋಡುವುದು ಬಹಳ ಸುಲಭ. ಲಂಡನ್ನಿನ ಸಾರಿಗೆ ಸಂಸ್ಥೆ ಟಿಎಫ್ಎಲ್‌ನ ಸೈಟಿನಲ್ಲಿ ಗಾಡಿಯ ನಂಬರ್ ಹಾಕಿದರೆ ಸಾಕು, ಕಟ್ಟಬೇಕೋ ಬೇಡವೋ ಎಂದು ತಕ್ಷಣ ಹೇಳುತ್ತದೆ. ನೋಡುವುದಕ್ಕೆ ಒಂದು ಪೈಸೆಯೂ ಕೊಡಬೇಕಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಸರ್ಕಾರಿ ಸೈಟಿನಂತೆಯೇ ಕಾಣುವ ಖಾಸಗಿ ಸೈಟುಗಳಿವೆ. ಅವು ಶುಲ್ಕದ ಮೇಲೆ ತಮ್ಮದೊಂದು ಕಮಿಷನ್ ಸೇರಿಸಿ ವಸೂಲಿ ಮಾಡುತ್ತವೆ. ಭಾವನಿಗೂ ಟಿಎಫ್ಎಲ್‌ನ ಸೈಟಿಗೇ ಹೋಗಿ ಎಂದು ಹೇಳಿ, ಇಬ್ಬರೂ ಫೋನಿನಲ್ಲಿದ್ದುಕೊಂಡೇ ನೋಡಿದೆವು.

ಅವರ ಮನೆಯಲ್ಲಿ ಎರಡು ಕಾರುಗಳಿವೆ. ಅಕ್ಕ ಕೆಲಸಕ್ಕೆ ಒಯ್ಯುವ ಪುಟ್ಟ ಪೆಟ್ರೋಲ್ ಕಾರು 2007ರದ್ದು. ಭಾವನ ಏಳು ಸೀಟಿನ ಡೀಸೆಲ್ ಕಾರು 2014ರದ್ದು. (ಇಲ್ಲಿ ನಂಬರ್ ಪ್ಲೇಟಿನ ನಡುವಿನ ಎರಡು ಅಂಕಿ ನೋಡಿದರೆ ಗಾಡಿ ಯಾವ ವರ್ಷದ ಯಾವ ಅರ್ಧದ್ದು ಎಂದು ಗೊತ್ತಾಗುತ್ತದೆ. 14 ಇದ್ದರೆ 2014ರ ಮಾರ್ಚ್‌ನಿಂದ ಆಗಸ್ಟ್ ನಡುವಿನದ್ದು, 64 ಇದ್ದರೆ ಅದರ ನಂತರದ ಆರು ತಿಂಗಳದ್ದು. ನಿಮಗೆ ಇಂಥದ್ದು ಇಷ್ಟ ಎಂದು ಬರೆದೆ.) ಅಕ್ಕನ ಹಳೆಯ ಕಾರಿಗೆ ಏನೂ ಕಟ್ಟಬೇಕಿಲ್ಲ ಎಂದು ಬಂತು. ಭಾವನ ಹೊಸ ಕಾರಿಗೆ 12.50 ಪೌಂಡ್ ಎಂದು ಬಂತು. ಭಾವ ನಂಬಲೇ ಇಲ್ಲ, ನಂಬರ್ ತಪ್ಪಿರಬೇಕು ಎಂದು ಇನ್ನೊಮ್ಮೆ ಹಾಕಿಸಿದರು.

ಇದಕ್ಕೆ ಕಾರಣ ನಿಮಗೆ ಬೇಗ ಅರ್ಥವಾಗುತ್ತದೆ. ಇವರು ಸೈಲೆನ್ಸರಿಗೆ ಪೈಪ್ ಇಟ್ಟು ನೋಡುವುದಿಲ್ಲ. ನೋಡುವುದು ಗಾಡಿಯ ಜಾತಕ, ಅಂದರೆ ಅದು ಫ್ಯಾಕ್ಟರಿಯಿಂದ ಹೊರಬಂದಾಗ ಯಾವ ಯೂರೋ ದರ್ಜೆಯದಾಗಿತ್ತು ಎಂಬುದನ್ನು. ಯೂರೋ ಎಂದರೆ ಯೂರೋಪಿನ ಮಾಲಿನ್ಯದ ಅಳತೆ, ಅಂಕಿ ಹೆಚ್ಚಿದಷ್ಟೂ ಬಿಗಿ. ಪೆಟ್ರೋಲ್ ಕಾರಿಗೆ ಯೂರೋ 4 ಸಾಕು, ಡೀಸೆಲ್ ಕಾರಿಗೆ ಯೂರೋ 6 ಬೇಕು. ಸುಮಾರಾಗಿ 2006ರಿಂದ ಈಚಿನ ಪೆಟ್ರೋಲ್ ಕಾರುಗಳು, 2015ರ ಸೆಪ್ಟೆಂಬರ್‌ನಿಂದ ಈಚಿನ ಡೀಸೆಲ್ ಕಾರುಗಳು ಪಾರಾಗುತ್ತವೆ. ಡೀಸೆಲ್ಲಿಗೆ ಯಾಕೆ ಇಷ್ಟು ಬಿಗಿ ಎಂದು ಕೇಳುತ್ತೀರಿ. ಅಳತೆ ಎರಡಕ್ಕೂ ಒಂದೇ ಅಪ್ಪ: ಯೂರೋ 4 ಪೆಟ್ರೋಲಿಗೆ ನೈಟ್ರೋಜನ್ ಆಕ್ಸೈಡ್ ಎಂಬ ಕೆಟ್ಟ ಅನಿಲದ ಮಿತಿ ಕಿಲೋಮೀಟರಿಗೆ 0.08 ಗ್ರಾಂ, ಯೂರೋ 6 ಡೀಸೆಲ್ಲಿಗೂ ಅದೇ 0.08 ಗ್ರಾಂ. ಪೆಟ್ರೋಲ್ ಎಂಜಿನ್ ಈ ಅಳತೆಯನ್ನು ಮುಟ್ಟಿ ಸುಮಾರು ಹತ್ತು ವರ್ಷವಾದ ಮೇಲೆ ಡೀಸೆಲ್ ಮುಟ್ಟಿತು. ಭಾವನ ಕಾರು ಯೂರೋ 5, ಅದಕ್ಕೆ ಮಿತಿ 0.18 ಗ್ರಾಂ.

ಡೀಸೆಲ್ ಹಿಂದೆ ಬಿದ್ದದ್ದು ಅದರ ಉರಿಯುವ ರೀತಿಯಿಂದಲೇ. ಒಳಗೆ ಗಾಳಿ ಯಾವಾಗಲೂ ಹೆಚ್ಚು, ಕಂಪ್ರೆಷನ್ ಹೆಚ್ಚು, ಉರಿಯ ತಾಪವೂ ಜಾಸ್ತಿ. ಆ ತಾಪದಲ್ಲಿ ಗಾಳಿಯ ಸಾರಜನಕವೂ ಆಮ್ಲಜನಕವೂ ಕೂಡಿಕೊಂಡು ಈ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಪೆಟ್ರೋಲ್ ಗಾಡಿಯ ಕ್ಯಾಟಲಿಟಿಕ್ ಕನ್ವರ್ಟರ್ ಅದನ್ನು ಮತ್ತೆ ಬಿಡಿಸಬಲ್ಲದು. ಡೀಸೆಲ್ ಹೊಗೆಯಲ್ಲಿ ಆಮ್ಲಜನಕ ಮಿಕ್ಕಿರುವುದರಿಂದ ಅಲ್ಲಿ ಅದು ಕೆಲಸ ಮಾಡುವುದಿಲ್ಲ. ಅದನ್ನು ಬಿಡಿಸಲೆಂದೇ ಈಗಿನ ಬಸ್ಸುಗಳಿಗೆ ಡೀಸೆಲ್ ಜೊತೆ ಯೂರಿಯಾ ದ್ರವವನ್ನೂ ತುಂಬಿಸುವುದು. ನೀವು ರಿಟೈರ್ ಆದ ಮೇಲೆ ಬಂದ ಬಿಎಸ್-6 (ಭಾರತ್ ಸ್ಟೇಜ್ 6) ಬಸ್ಸುಗಳಲ್ಲಿ ಇದನ್ನು ನೋಡಿರಬಹುದು.

ನಮ್ಮ ಗಾಡಿಗಳ ಲೆಕ್ಕ ಹಾಕಿದರೆ ಇನ್ನೂ ಸ್ಪಷ್ಟವಾಗುತ್ತದೆ. ನಮ್ಮ ಬಿಎಸ್ ಮಟ್ಟಗಳನ್ನು ಮಾಡಿರುವುದು ಯೂರೋಪಿನ ಅಳತೆಗಳನ್ನು ಅನುಸರಿಸಿಯೇ. ತಮ್ಮನ 2018ರ ಸ್ವಿಫ್ಟ್ ಪೆಟ್ರೋಲ್, ಬಿಎಸ್-4. ಇಲ್ಲಿಯ ಅಳತೆಯಲ್ಲಿ ಅದು ಪಾಸು. ತೋಟಕ್ಕೆ ಹೋಗುವ ಬೊಲೆರೊ ಅದೇ ವರ್ಷದ ಡೀಸೆಲ್, ಅದೂ ಬಿಎಸ್-4. ಇಲ್ಲಾಗಿದ್ದರೆ ದಿನಾ ಶುಲ್ಕ ಕಟ್ಟಬೇಕಿತ್ತು. 2020ರ ಏಪ್ರಿಲ್ 1ರಿಂದ ನಮ್ಮಲ್ಲಿ ಬಿಎಸ್-5 ಅನ್ನು ಬಿಟ್ಟು ನೇರವಾಗಿ ಬಿಎಸ್-6ಕ್ಕೆ ಹೋದದ್ದು ಬಹಳ ದೊಡ್ಡ ಕೆಲಸ, ಅದನ್ನು ಮೆಚ್ಚಿಕೊಳ್ಳಲೇಬೇಕು. ಆದರೆ ಪೆಟ್ರೋಲ್ ಬಂಕಿನಲ್ಲಿ ನಾವು ಮಾಡಿಸುವ ಎಮಿಷನ್ ಟೆಸ್ಟ್ ಇದೆಯಲ್ಲ, ಡೀಸೆಲ್ ಗಾಡಿಯಲ್ಲಿ ಅದು ಅಳೆಯುವುದು ಹೊಗೆ ಎಷ್ಟು ದಟ್ಟವಾಗಿದೆ ಎಂಬುದನ್ನು ಮಾತ್ರ. ನೈಟ್ರೋಜನ್ ಆಕ್ಸೈಡನ್ನು ಅಳೆಯುವುದೇ ಇಲ್ಲ. ಇಲ್ಲಿಯ ವಾರ್ಷಿಕ ತಪಾಸಣೆಯಲ್ಲೂ ಡೀಸೆಲ್ಲಿಗೆ ಹೊಗೆಯ ಪರೀಕ್ಷೆಯೇ. ಕಪ್ಪು ಹೊಗೆ ನಿಲ್ಲಿಸಿದರೆ ಗಾಡಿ ಶುದ್ಧವಾಯಿತು ಎಂದು ನೀವು ನಮಗೆಲ್ಲ ಹೇಳಿಕೊಟ್ಟಿರಿ. ಕಪ್ಪು ಹೊಗೆಯ ಮಟ್ಟಿಗೆ ಆ ಮಾತು ನಿಜ. ಉಳಿದದ್ದು ರಸ್ತೆಯಲ್ಲಿ ಕಣ್ಣಿಗೆ ಕಾಣುವುದಿಲ್ಲ, ಎದೆಯೊಳಗೆ ಹೋದ ಮೇಲೆ ಗೊತ್ತಾಗುತ್ತದೆ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಮನೆಗೆ ಹತ್ತಿರವೇ ಸೌತ್ ಸರ್ಕ್ಯುಲರ್ ರಸ್ತೆ ಹಾದುಹೋಗುತ್ತದೆ, ಸದಾ ಗಾಡಿಗಳ ಸಾಲು. ಇದೇ ಲೂಯಿಷಮ್ ಭಾಗದಲ್ಲಿ, ಆ ರಸ್ತೆಯಿಂದ 30 ಮೀಟರಿನೊಳಗೆ ಎಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಹುಡುಗಿಯ ಮನೆ ಇತ್ತು. ಉಬ್ಬಸ. ಕಡೆಯ ಎರಡು ಮೂರು ವರ್ಷಗಳಲ್ಲಿ 30ರ ಹತ್ತಿರ ಸಲ ಆಸ್ಪತ್ರೆಗೆ ಸೇರಿದಳು. 2013ರ ಫೆಬ್ರವರಿಯಲ್ಲಿ ತೀರಿಕೊಂಡಾಗ ಅವಳಿಗೆ ಒಂಬತ್ತು ವರ್ಷ. ಮೊದಲ ವಿಚಾರಣೆಯಲ್ಲಿ ಉಸಿರಾಟ ನಿಂತು ಸಾವು ಎಂದು ಬರೆದು ಮುಗಿಸಿದ್ದರು. ಅವಳ ತಾಯಿ ರೋಸಮಂಡ್ ಬಿಡಲಿಲ್ಲ. ಹೈಕೋರ್ಟಿಗೆ ಹೋಗಿ ಹೊಸ ವಿಚಾರಣೆ ಮಾಡಿಸಿದರು. 2020ರ ಡಿಸೆಂಬರ್ 16ರಂದು ಸಾವಿನ ವಿಚಾರಣೆ ಮಾಡಿದ ಅಧಿಕಾರಿ ಫಿಲಿಪ್ ಬಾರ್ಲೊ, ಆ ಮಗುವಿನ ಸಾವಿಗೆ ವಾಯುಮಾಲಿನ್ಯವೂ ಕಾರಣ ಎಂದು ತೀರ್ಪು ಕೊಟ್ಟರು. ಈ ದೇಶದಲ್ಲಿ ಒಬ್ಬರ ಸಾವಿಗೆ ಹಾಗೆ ಬರೆದದ್ದು ಅದೇ ಮೊದಲು.

ಅದಾದ ಮರುವರ್ಷ ವಲಯ ವಿಸ್ತರಿಸಿದಾಗಲೂ ಗಡಿ ಬಂದು ನಿಂತದ್ದು ಸೌತ್ ಸರ್ಕ್ಯುಲರ್ ರಸ್ತೆಗೇ. ರಸ್ತೆಯವರೆಗೆ ಸೇರಿತು, ರಸ್ತೆ ಸೇರಲಿಲ್ಲ. ಹಳೆಯ ಡೀಸೆಲ್ ಗಾಡಿ ಅದರ ಮೇಲೆ ಎಷ್ಟು ಸಲ ಓಡಾಡಿದರೂ ಶುಲ್ಕವಿರಲಿಲ್ಲ. 2023ರಲ್ಲಿ ಅದೂ ಒಳಗೆ ಬಂತು. ಚಳಿಗಾಲದಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಉಬ್ಬಸದ ಮಕ್ಕಳು ಬರುತ್ತಾರೆ. ನೆಬ್ಯುಲೈಸರ್ ಮಾಸ್ಕ್ ಹಿಡಿದುಕೊಂಡು ಪಕ್ಕದಲ್ಲಿ ಕೂತಾಗ, ಎಳೆಯ ಪಕ್ಕೆಲುಬುಗಳು ಒಳಕ್ಕೆ ಸೇದಿಕೊಳ್ಳುವುದನ್ನು ನೋಡುವಾಗ, ಈ ಕಾನೂನು ಇನ್ನೂ ಬೇಗ ಬರಬೇಕಿತ್ತು ಎಂದೇ ನನಗೆ ಅನ್ನಿಸುತ್ತದೆ.

ಕಷ್ಟಪಟ್ಟವರೂ ಇದ್ದಾರೆ, ಅದನ್ನೂ ಹೇಳಬೇಕು. ಶುಲ್ಕದ ದಿನ ನಡುರಾತ್ರಿಯಿಂದ ನಡುರಾತ್ರಿಗೆ. ನೈಟ್ ಡ್ಯೂಟಿಗೆ ಕಾರಿನಲ್ಲಿ ಬರುವವರು ಸಂಜೆ ಬಂದಾಗ ಒಂದು ದಿನ, ಬೆಳಗ್ಗೆ ಮನೆಗೆ ಹೋಗುವಾಗ ಇನ್ನೊಂದು ದಿನ, ಒಂದೇ ಪಾಳಿಗೆ 25 ಪೌಂಡ್. ಲಂಡನ್ನಿನ ಆಚೆಯ ಕೆಂಟ್ ಕಡೆಯಿಂದ ಬರುವ ನಮ್ಮ ವಾರ್ಡಿನ ಸಹಾಯಕಿಯೊಬ್ಬರು ಹೀಗೇ ಕಟ್ಟಿ ಕಟ್ಟಿ ಸಾಕಾಗಿ ಡೀಸೆಲ್ ಕಾರು ಮಾರಿದರು. ಹಳೆಯ ಕಾರು ಗುಜರಿಗೆ ಹಾಕುವವರಿಗೆ ಮೇಯರ್ ಕಡೆಯಿಂದ 2,000 ಪೌಂಡ್ ಕೊಡುವ ಯೋಜನೆ ಇತ್ತು. ಅದು ಲಂಡನ್ನಿನಲ್ಲಿ ವಾಸಿಸುವವರಿಗೆ ಮಾತ್ರ, ಗಡಿಯಾಚೆಯಿಂದ ದಿನಾ ದುಡಿಯಲು ಬರುವವರಿಗೆ ಇರಲಿಲ್ಲ. ಅದು ಅನ್ಯಾಯ ಎಂದೇ ನನ್ನ ಭಾವನೆ. ಕಾನೂನು ಸರಿ, ಆದರೆ ಅದರ ಭಾರ ಹೊರುವವರಿಗೆ ಕೈಕೊಡದೆ ಇದ್ದದ್ದು ಸರಿಯಲ್ಲ.

ಈಗ ನೀವು ಬರುವ ದಿನದ ವಿಷಯ. ಅಕ್ಕನ ಕಾರಿಗೆ ಶುಲ್ಕವಿಲ್ಲ, ಆದರೆ ನಿಮ್ಮ ನಾಲ್ಕು ದೊಡ್ಡ ಸೂಟ್‌ಕೇಸ್ ಅದರಲ್ಲಿ ಹಿಡಿಯುವುದಿಲ್ಲ. (ಅಮ್ಮ ಹಪ್ಪಳ ಸಂಡಿಗೆ ಕಡಿಮೆ ತರುತ್ತಾಳೆ ಎಂಬ ಆಸೆ ನನಗಿಲ್ಲ, ತರಲಿ.) ಭಾವನ ಕಾರೇ ಬರುತ್ತದೆ, 12.50 ಪೌಂಡ್ ನಾನು ಕಟ್ಟುತ್ತೇನೆ. ನಿಮ್ಮ ವಿಮಾನ ಸಂಜೆಯದು. ತಡವಾಗಿ ಇಳಿದು, ಸಾಮಾನು ಸಿಕ್ಕಿ, ನಮ್ಮ ಮನೆ ಮುಟ್ಟುವಷ್ಟರಲ್ಲಿ ರಾತ್ರಿ ಹನ್ನೆರಡು ದಾಟಿದರೆ ಎರಡು ದಿನದ ಶುಲ್ಕ. ಅದಕ್ಕೆ ನೀವು ಗಾಬರಿಪಡಬೇಡಿ, ಓಡೋಡಿ ಬರಲೂಬೇಡಿ. ಓಡಿಸಿದ ದಿನ ಬಿಟ್ಟು ಮೂರನೆಯ ದಿನದ ನಡುರಾತ್ರಿಯವರೆಗೆ ಕಟ್ಟಲು ಸಮಯವಿದೆ. ಮರೆತರೆ ಮಾತ್ರ 180 ಪೌಂಡ್ ದಂಡ, ಎರಡು ವಾರದೊಳಗೆ ಕಟ್ಟಿದರೆ ಅದರ ಅರ್ಧ. ಆ ನೋಟೀಸು ಹೋಗುವುದು ಗಾಡಿ ಯಾರ ಹೆಸರಿನಲ್ಲಿದೆಯೋ ಅವರ ಮನೆಗೆ, ಅಂದರೆ ಭಾವನಿಗೆ. ಅಳಿಯನಿಗೆ ಅಂಥ ಕಾಗದ ಹೋಗುವುದು ಚೆನ್ನಾಗಿರುವುದಿಲ್ಲ, ಆದ್ದರಿಂದ ಆ ರಾತ್ರಿಯೇ ಕಟ್ಟಿಬಿಡುತ್ತೇನೆ.

ಅಮ್ಮ ಕೇಳಿದ ಬಾಲಾಜಿ ದೇವಸ್ಥಾನ ಬರ್ಮಿಂಗ್‌ಹ್ಯಾಮ್ ಹತ್ತಿರದ ಟಿವಿಡೇಲ್‌ನಲ್ಲಿದೆ. ಬರ್ಮಿಂಗ್‌ಹ್ಯಾಮಿಗೂ ಇಂಥದೇ ವಲಯವಿದೆ, ಕಾರಿಗೆ ದಿನಕ್ಕೆ 8 ಪೌಂಡ್. ಆದರೆ ಅದು ಊರಿನ ನಡುಭಾಗವನ್ನು ಸುತ್ತುವ ಮಿಡಲ್‌ವೇ ಎಂಬ ರಿಂಗ್ ರಸ್ತೆಯೊಳಗೆ ಮಾತ್ರ, ದೇವಸ್ಥಾನ ಅದರಿಂದ ಬಹಳ ಹೊರಗಿದೆ. ಅಕ್ಕನ ಮನೆಯಿಂದ ಹೊರಟು ಹೆದ್ದಾರಿಯಲ್ಲೇ ಹೋಗಿ ಬಂದರೆ ಏನೂ ಕಟ್ಟಬೇಕಿಲ್ಲ. ಸ್ಕಾಟ್‌ಲೆಂಡಿನ ಆಸೆ ಇದ್ದರೆ ಭಾವನ ಕಾರು ಬೇಡ: ಗ್ಲಾಸ್ಗೊ, ಎಡಿನ್‌ಬರೊಗಳ ವಲಯದೊಳಗೆ ದುಡ್ಡು ಕಟ್ಟಿ ಹೋಗುವ ಪದ್ಧತಿಯೇ ಇಲ್ಲ, ಹೊಂದದ ಗಾಡಿ ಹೋದರೆ ನೇರ ದಂಡ. ಅಲ್ಲಿಗೆ ರೈಲಿನಲ್ಲಿ ಹೋಗೋಣ. ಥೇಮ್ಸ್ ನದಿಯ ದಡದಲ್ಲಿರುವ ಬಸವಣ್ಣನವರ ಪ್ರತಿಮೆಗೂ ರೈಲೇ ಒಳ್ಳೆಯದು. ಅಲ್ಲಿ ಯೂಲೆಜ್ ಅಲ್ಲದೆ 2003ರಿಂದ ಇರುವ ಕಂಜೆಷನ್ ಚಾರ್ಜ್, ಅಂದರೆ ವಾಹನ ದಟ್ಟಣೆಯ ಶುಲ್ಕ, ಬೇರೆ ಇದೆ, ಅದು ಹೊಸ ಗಾಡಿಗೂ ಬೀಳುತ್ತದೆ.

ಒಂದು ಕೆಲಸ ಮಾಡಿ. ಬೆಂಗಳೂರಿನಿಂದ ಹೊರಡುವ ಹೊತ್ತಿಗೆ ವಿಮಾನ ತಡವೆಂದು ಹೇಳಿದರೆ ತಮ್ಮನ ಕೈಲಿ ನನಗೊಂದು ಮೆಸೇಜ್ ಹಾಕಿಸಿ. ಹನ್ನೆರಡು ದಾಟುವ ಹಾಗಿದ್ದರೆ ಭಾವ ಆ ರಾತ್ರಿ ನಮ್ಮಲ್ಲೇ ಮಲಗಲಿ. ಹೇಗೂ ಎರಡನೆಯ ದಿನದ್ದೂ ಕಟ್ಟುವುದಾದರೆ, ಬೆಳಗ್ಗೆ ತಿಂಡಿ ತಿಂದು, ನಿಮ್ಮ ಜೊತೆ ಮಾತಾಡಿಕೊಂಡು ನಿಧಾನವಾಗಿ ಲೆಸ್ಟರಿಗೆ ಹೊರಡಬಹುದು. ಬಾನೆಟ್ ತೆಗೆಸಿ ಎಂಜಿನ್ ನೋಡುವುದಿದ್ದರೆ ನೀವೂ ಆಗಲೇ ನೋಡಿ.

ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿ. ತಮ್ಮನಿಗೆ ಆಶೀರ್ವಾದ.

ನಿಮ್ಮ ಪ್ರೀತಿಯ ಮಗಳು