ಪಟ್ಟಿ ಕಟ್ಟೋ ಕೆಲಸ

ಗೆಳೆಯಾ,

ನಿನ್ನ ಅಕ್ಕನ ಮಗ ಮಿಲಿಟರಿಗೆ ಸೇರ್ತೀನಿ ಅಂದಾಗ ಮನೆಯಲ್ಲಿ ಎಲ್ಲರಿಗೂ ಖುಷಿ. ನರ್ಸಿಂಗ್ ಅಸಿಸ್ಟೆಂಟ್ ಹುದ್ದೆಗೆ ಅರ್ಜಿ ಹಾಕ್ತೀನಿ ಅಂದಾಗ ಮಾತ್ರ ಭಾವ ನಕ್ಕರಂತೆ. 'ಪಟ್ಟಿ ಕಟ್ಟೋಕೆ ಲಡಾಖ್‌ತನಕ ಯಾಕೆ ಹೋಗ್ಬೇಕು, ತೀರ್ಥಹಳ್ಳಿಯಲ್ಲೇ ಕಟ್ಟಬಹುದಲ್ವಾ' ಅಂದರಂತೆ. ನೀನೂ ಅದನ್ನು ತಮಾಷೆ ಅಂತಲೇ ಬರೆದಿದ್ದೀಯ. ನನಗೆ ನಗು ಬರಲಿಲ್ಲ ಮಾರಾಯಾ. ನಾಯಕ್ ದೀಪಕ್ ಸಿಂಗ್ ನೆನಪಾದರು.

ಚೀನಾದವರ ಜೊತೆ ಹೊಡೆದಾಟ ನಡೆದ ಲಡಾಖ್‌ನ ಗಾಲ್ವಾನ್ ಕಣಿವೆ ಅಂದ ಕೂಡಲೇ, ಅಲ್ಲಿ ತೀರಿಹೋದ ಕರ್ನಲ್ ಸಂತೋಷ್ ಬಾಬು ಹೆಸರು ಎಲ್ಲರ ಬಾಯಿಗೂ ಬರುತ್ತದೆ. ಬರಲೇಬೇಕು. ದೀಪಕ್ ಅವರದೇ 16 ಬಿಹಾರ್ ಬೆಟಾಲಿಯನ್ ಜೊತೆ ಇದ್ದ ನರ್ಸಿಂಗ್ ಅಸಿಸ್ಟೆಂಟ್. ಆರ್ಮಿ ಮೆಡಿಕಲ್ ಕೋರ್‌ನವರು, ಊರು ಮಧ್ಯಪ್ರದೇಶದ ರೀವಾ ಕಡೆ.

2020ರ ಜೂನ್ 15ರ ರಾತ್ರಿ. ಆ ಗಡಿಯಲ್ಲಿ ಬಂದೂಕು ಬಳಸಬಾರದು ಅಂತ ಭಾರತ, ಚೀನಾ ಎರಡೂ ದೇಶಗಳು 1996ರಲ್ಲೇ ಒಪ್ಪಂದ ಮಾಡಿಕೊಂಡಿದ್ದವು. ಹಾಗಾಗಿ ಅವತ್ತು ಹೊಡೆದಾಟ ನಡೆದಿದ್ದು ಕಲ್ಲು, ದೊಣ್ಣೆ, ಮೊಳೆ ಜಡಿದ ರಾಡುಗಳಲ್ಲಿ. ಇದನ್ನು ಕೇಳಿ 'ಓ, ಗುಂಡು ಹಾರಲಿಲ್ವಾ' ಅಂತ ಹಗುರಾಗಿ ಮಾತಾಡುವವರನ್ನು ನಾನು ನೋಡಿದ್ದೇನೆ. ರಾಡಿನ ಪೆಟ್ಟು ತಿಂದ ತಲೆ ಹೇಗಿರುತ್ತದೆ ಅಂತ ಅವರಿಗೆ ಗೊತ್ತಿಲ್ಲ. ಅದರ ಮೇಲೆ ಹದಿನಾಲ್ಕು ಸಾವಿರ ಅಡಿ ಎತ್ತರ, ಕತ್ತಲೆ, ಕೊರೆಯುವ ಚಳಿ, ಪಕ್ಕದಲ್ಲೇ ಹಿಮದ ನೀರಿನ ಹೊಳೆ.

ಚಳಿಯ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದು ಆಸ್ಪತ್ರೆಯಲ್ಲಿ ನರ್ಸ್ ಆಗಿರೋ ನನ್ನ ಕೆಲಸಕ್ಕೆ ಸೇರಿದ್ದು. ಮೈ ತಣ್ಣಗಾದರೆ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ. ರಕ್ತ ಹೋದಷ್ಟೂ ಮೈ ಇನ್ನೂ ತಣ್ಣಗಾಗುತ್ತದೆ. ಹಾಗಾಗಿ ಗಾಯಕ್ಕೆ ಪಟ್ಟಿ ಕಟ್ಟಿದರಷ್ಟೇ ಸಾಲದು, ಒದ್ದೆ ಬಟ್ಟೆ ತೆಗೆದು ಬೆಚ್ಚಗೆ ಸುತ್ತಬೇಕು. ಆ ಜಾಗದಲ್ಲಿ ಅದಕ್ಕೆ ಎಷ್ಟು ಅವಕಾಶ ಇದ್ದಿರಬಹುದು, ನೀನೇ ಯೋಚಿಸು.

ಹೋದ ಸಲದ ಅಡಿಕೆ ಕೊನೆಕೊಯ್ಲಿನಲ್ಲಿ ನಮ್ಮ ಕ್ಯಾಶುವಾಲ್ಟಿಗೆ, ಮರ ಹತ್ತಿ ಅಡಿಕೆ ಗೊನೆ ಇಳಿಸುವಾಗ ಬಿದ್ದ ಕೊನೆಗಾರರೊಬ್ಬರನ್ನು ತಂದಿದ್ದರು. ತೊಡೆ ಮೂಳೆ ಮುರಿದು ಹೊರಗೆ ಬಂದಿತ್ತು. ಜೊತೆಗಿದ್ದವರು ಜಾಣರು. ಕಾಲಿನ ಎರಡೂ ಪಕ್ಕ ಅಡಿಕೆ ಹಾಳೆ ಇಟ್ಟು ಪಂಚೆ ಹರಿದು ಬಿಗಿದಿದ್ದರು. ಗಾಯದ ಮೇಲೆ ಪ್ಯಾಡ್ ಇಟ್ಟು ಎರಡೂ ಅಂಗೈಯಲ್ಲಿ ಒತ್ತಿ ಹಿಡಿಯುವುದು ನನ್ನ ಪಾಲಿಗೆ ಬಂತು. ಸ್ವಲ್ಪ ಹೊತ್ತಿಗೆ ಬೆರಳು ಜೋಮು ಹಿಡಿಯುತ್ತವೆ. ರಕ್ತ ನಿಂತಿತಾ ಅಂತ ಕೈ ತೆಗೆದು ನೋಡೋಣ ಅನ್ನಿಸುತ್ತದೆ. ತೆಗೆಯಬಾರದು, ತೆಗೆದರೆ ಮತ್ತೆ ಶುರು. ಅವರು 'ಬ್ರದರ್, ನೀರು' ಅಂತ ಕೇಳ್ತಾನೇ ಇದ್ದರು. ಆಪರೇಷನ್ ಆಗಬೇಕಾದ್ದರಿಂದ ನೀರು ಕೊಡುವ ಹಾಗಿರಲಿಲ್ಲ. ಡ್ರಿಪ್ ಏರಿಸಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸಿದೆವು, ಉಳಿದರು. ನಮ್ಮ ಕ್ಯಾಶುವಾಲ್ಟಿಯಲ್ಲಿ ನನಗೆ ಲೈಟು ಇತ್ತು, ತಲೆ ಮೇಲೆ ಸೂರಿತ್ತು, ಪಕ್ಕದಲ್ಲಿ ಡಾಕ್ಟರ್ ಇದ್ದರು. ನನ್ನ ಮೇಲೆ ಯಾರೂ ಕಲ್ಲು ಎಸೆಯುತ್ತಿರಲಿಲ್ಲ.

ದೀಪಕ್ ಅವರ ಮೇಲೆ ಎಸೆಯುತ್ತಿದ್ದರು. ಗಾಯಾಳುಗಳನ್ನು ಹಿಂದಕ್ಕೆ ಹೊತ್ತು ತರುವವರೆಗೂ ಕಾಯದೆ, ಗಾಯಗೊಂಡವರು ಜಾಸ್ತಿಯಾಗುತ್ತಿದ್ದಾರೆ ಅಂತ ಕಂಡು ಅವರೇ ಮುಂದೆ ಹೋದರು. ಕಲ್ಲೇಟಿನಿಂದ ಅವರಿಗೂ ಬಲವಾದ ಗಾಯವಾಯಿತು. ಆದರೂ ಒಬ್ಬರಾದ ಮೇಲೆ ಒಬ್ಬರಿಗೆ ಆರೈಕೆ ಮಾಡ್ತಾ ಹೋದರು. ಮೂವತ್ತಕ್ಕೂ ಹೆಚ್ಚು ಸೈನಿಕರ ಜೀವ ಅವರಿಂದ ಉಳಿಯಿತು ಅಂತ ಸೇನೆಯ ಪ್ರಶಸ್ತಿಪತ್ರವೇ ಹೇಳುತ್ತದೆ. ಆ ರಾತ್ರಿಯ ಘರ್ಷಣೆಯಲ್ಲಿ ತೀರಿಹೋದ ನಮ್ಮ ಇಪ್ಪತ್ತು ಜನರಲ್ಲಿ ಅವರೂ ಒಬ್ಬರು. 2021ರಲ್ಲಿ ಮರಣೋತ್ತರ ವೀರ ಚಕ್ರ ಬಂತು.

ನನಗೆ ಜಾಸ್ತಿ ಕಾಡೋದು ಆ ಮೂವತ್ತು ಮಂದಿ. ಈಗ ಎಲ್ಲೆಲ್ಲೋ ಡ್ಯೂಟಿಯಲ್ಲಿ ಇರಬಹುದು, ರಜೆಗೆ ಊರಿಗೆ ಬಂದು ಮಕ್ಕಳನ್ನು ಸ್ಕೂಲಿಗೆ ಬಿಡುತ್ತಿರಬಹುದು. ವೀರರ ಕಥೆ ಹೇಳುವಾಗ ನಮ್ಮ ಜನ ಎಷ್ಟು ಮಂದಿಯನ್ನು ಹೊಡೆದುರುಳಿಸಿದ ಅಂತ ಮೊದಲು ಕೇಳ್ತಾರೆ. ಎಷ್ಟು ಮಂದಿಯನ್ನು ಮನೆಗೆ ಕಳಿಸಿದ ಅಂತ ಕೇಳುವವರು ಕಡಿಮೆ.

ದೀಪಕ್ ಅವರ ಹೆಂಡತಿ ರೇಖಾ ಸಿಂಗ್ ಟೀಚರ್ ಆಗಿದ್ದವರು. ಆಮೇಲೆ ಚೆನ್ನೈನ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ 2023ರ ಏಪ್ರಿಲ್‌ನಲ್ಲಿ ಲೆಫ್ಟಿನೆಂಟ್ ಆದರು. ಅದೇ ವರ್ಷ ಜುಲೈನಲ್ಲಿ ಸಿಯಾಚಿನ್‌ನಲ್ಲಿ ಬೆಂಕಿ ಬಿದ್ದಾಗ ಸೇನೆಯ ಡಾಕ್ಟರ್ ಕ್ಯಾಪ್ಟನ್ ಅಂಶುಮಾನ್ ಸಿಂಗ್ ಜೊತೆಗಾರರನ್ನು ಹೊರಗೆ ಎಳೆದು ತಂದರು. ಔಷಧಿ ತರೋಕೆ ಅಂತ ಮತ್ತೆ ಒಳಗೆ ಹೋದವರು ಬದುಕಿ ಬರಲಿಲ್ಲ. ಅವರಿಗೆ ಕೀರ್ತಿ ಚಕ್ರ. ಭಾವನಿಗೆ ಇದನ್ನೂ ಹೇಳು.

ಹುಡುಗನನ್ನು ಹುರಿದುಂಬಿಸಿ ಕಳಿಸು ಅಂತ ನಾನು ಹೇಳ್ತಿಲ್ಲ. ಅಕ್ಕನಿಗೆ ಭಯ ಇದ್ದರೆ ಆ ಭಯ ಸರಿಯಾದದ್ದೇ. ಆದರೆ ಬೇಡ ಅನ್ನುವುದಿದ್ದರೆ ಭಯ ಅಂತಲೇ ಹೇಳಲಿ, ಕೆಲಸ ಸಣ್ಣದು ಅಂತ ಹೇಳೋದು ಬೇಡ.

ಅವನಿಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಇರಬೇಕು, ಒಟ್ಟು ಶೇ. 50 ಬೇಕು ಅಂತ ನೆನಪು. ಈ ವರ್ಷದ ನೋಟಿಫಿಕೇಶನ್ ಒಮ್ಮೆ ಸರಿಯಾಗಿ ಓದಿಕೊಳ್ಳಲಿ. ಮಳೆ ಅಂತ ಓಟ ಬಿಟ್ಟಿದ್ದಾನೋ ಏನೋ, ಕೇಳು. ನನಗೆ ನೈಟ್ ಡ್ಯೂಟಿ ಇರುವ ವಾರ ಮಧ್ಯಾಹ್ನದ ಮೇಲೆ ಮನೆಯಲ್ಲೇ ಇರ್ತೀನಿ, ಕಳಿಸಿಕೊಡು. ಪಟ್ಟಿ ಕಟ್ಟೋದು ಹೇಗೆ ಅಂತ ತೋರಿಸಿಕೊಡ್ತೀನಿ. ಭಾವ ಬಂದರೆ ಅವರ ಕಾಲಿಗೇ ಕಟ್ಟಿ ಕಲಿಯಲಿ.

ನಿನ್ನ,
ಹಳೆ ಬೆಂಚ್‌ಮೇಟ್