ಇಂಗ್ಲಿಷ್ ಕಲಿಸಲು ವಿದೇಶಕ್ಕೆ ಹೊರಡುವ ಮುನ್ನ

ಮಾನ್ಯ ಸಂಪಾದಕರೇ,

ಪದವಿ ಪರೀಕ್ಷೆಗಳು ಮುಗಿಯುತ್ತಿರುವ ಈ ದಿನಗಳಲ್ಲಿ, ವಿದೇಶದ ಬಡ ಮಕ್ಕಳಿಗೆ ಇಂಗ್ಲಿಷ್ ಕಲಿಸಿ, ಸೇವೆಯ ಜೊತೆಗೆ ದೇಶವನ್ನೂ ನೋಡಿ ಬನ್ನಿ ಎಂದು ಕರೆಯುವ ಜಾಹೀರಾತುಗಳು ನಮ್ಮ ಮಕ್ಕಳ ಮೊಬೈಲುಗಳಲ್ಲಿ ಎಡೆಬಿಡದೆ ಬರುತ್ತಿವೆ. ಡೊಂಬಿವಲಿ, ಠಾಣೆ, ಮೀರಾ ರೋಡ್ ಕಡೆಯ ಕನ್ನಡ ಸಂಘಗಳ ಕಾರ್ಯಕ್ರಮಗಳಿಗೆ ಹೋದಾಗಲೆಲ್ಲ ಈ ಬಗ್ಗೆ ವಿಚಾರಿಸುವ ಯುವಕ ಯುವತಿಯರೂ, ಅವರಿಗಿಂತ ಹೆಚ್ಚು ಕಳವಳದಿಂದ ಕೇಳುವ ತಂದೆ ತಾಯಂದಿರೂ ಎದುರಾಗುತ್ತಾರೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಮೇಲೆ, ಕಾಂಬೋಡಿಯಾದ ಬಟ್ಟಂಬಾಂಗ್ ಪ್ರಾಂತದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಇಡೀ ಒಂದು ಶಾಲಾ ವರ್ಷ ಸ್ವಯಂಸೇವಕಿಯಾಗಿ ದುಡಿದವಳು ನಾನು. ಹೊರಡಲು ಮನಸ್ಸು ಮಾಡಿರುವವರಿಗೆ ಆ ಕೆಲಸದ ನಿಜವಾದ ಸ್ವರೂಪ ತಿಳಿದಿರಲಿ ಎಂಬ ಕಾಳಜಿಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಕೋಣೆಗಳ ಕೊರತೆಯಿಂದಾಗಿ ಕಾಂಬೋಡಿಯಾದ ಬಹಳಷ್ಟು ಸರ್ಕಾರಿ ಶಾಲೆಗಳು ಎರಡು ಪಾಳಿಗಳಲ್ಲಿ ನಡೆಯುತ್ತವೆ. ನಮ್ಮ ಶಾಲೆಯಲ್ಲಿ ಬೆಳಗಿನ ಪಾಳಿ ಏಳಕ್ಕೆ ಶುರುವಾಗಿ ಹನ್ನೊಂದಕ್ಕೆ ಮುಗಿಯುತ್ತಿತ್ತು, ಮಧ್ಯಾಹ್ನದ್ದು ಒಂದರಿಂದ ಐದರವರೆಗೆ. ನಾನಿದ್ದದ್ದು ಕಂಬಗಳ ಮೇಲೆ ನಿಂತ ಮರದ ಮನೆಯೊಂದರ ಮೇಲಿನ ಕೋಣೆಯಲ್ಲಿ. ಅಂಗಳದಲ್ಲಿ ಆಳೆತ್ತರದ ಸಿಮೆಂಟಿನ ಹಂಡೆಗಳಲ್ಲಿ ಮಳೆನೀರು ತುಂಬಿಸಿಟ್ಟಿರುತ್ತಿದ್ದರು. ಸ್ನಾನಕ್ಕೂ ಪಾತ್ರೆಗೂ ಅದೇ ನೀರಾದ್ದರಿಂದ ಬೇಸಿಗೆ ಬಲಿತಂತೆ ಲೆಕ್ಕ ಹಾಕಿ ಬಳಸಬೇಕಿತ್ತು. ಕರಾವಳಿಯವಳಾದ ನನಗೆ ಅನ್ನ ಮೀನು ಹೊಸತಲ್ಲ, ಆದರೆ ಪ್ರಾಹೋಕ್ ಎಂಬ ಹುದುಗಿಸಿದ ಮೀನಿನ ಖಾರವಾದ ವಾಸನೆಗೆ ಒಗ್ಗಿಕೊಳ್ಳಲು ವಾರಗಳೇ ಬೇಕಾದವು. ಸಸ್ಯಾಹಾರಿಗಳಾದ ಮಕ್ಕಳು ಇದನ್ನು ಮೊದಲೇ ಯೋಚಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾರ ಬೀಳುತ್ತದೆ ಮತ್ತು ಆತಿಥೇಯರ ಮನೆಯಲ್ಲಿ ದಿನವೂ ಬೇಡವೆನ್ನುವುದು ಸುಲಭವಲ್ಲ.

ತರಗತಿಯೊಳಗಿನ ಕೆಲಸ ತಾಳ್ಮೆಯದು. ಅಲ್ಲಿನವರ ಮಾತಾದ ಖ್ಮೇರ್ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದದ ರೂಪ ಬದಲಾಗುವುದಿಲ್ಲ. ಹಾಗಾಗಿ ನಿನ್ನೆಯ ಮಾತಿಗೂ ನಾಳೆಯ ಮಾತಿಗೂ ಮಕ್ಕಳು ‘ಗೋ’ ಎಂದೇ ಹೇಳುತ್ತಿದ್ದರು. ಪದದ ಕೊನೆಯ ಸಕಾರವೂ ಅವರ ನಾಲಗೆಯಲ್ಲಿ ನಿಲ್ಲುವುದಿಲ್ಲ: ‘ರೈಸ್’ ಎಂಬುದು ‘ರೈ’ ಆಗುತ್ತದೆ, ‘ಹೌಸ್’ ಎಂಬುದು ‘ಹೌ’ ಆಗುತ್ತದೆ. ನಮ್ಮ ಮುಂಬಯಿಯ ಮಕ್ಕಳದ್ದು ಇದಕ್ಕೆ ತದ್ವಿರುದ್ಧ, ಅವರು ಕೊನೆಗೊಂದು ಉಕಾರ ಸೇರಿಸಿ ಬಸ್ಸು, ಪೆನ್ನು ಎನ್ನುವವರು. ಆದ್ದರಿಂದ ಇಲ್ಲಿ ವರ್ಷಗಟ್ಟಲೆ ತಿದ್ದಿ ಕಲಿತ ಉಪಾಯಗಳು ಅಲ್ಲಿ ಉಪಯೋಗಕ್ಕೆ ಬರಲಿಲ್ಲ. ಏಳನೆಯ ತರಗತಿಯ ಹುಡುಗಿಯೊಬ್ಬಳಿಗೆ, ಸೈಕಲ್ ಟೈರಿನಿಂದ ಗಾಳಿ ಹೋಗುವ ಹಾಗೆ ಕೊನೆಯ ಅಕ್ಷರವನ್ನು ಎಳೆದು ಹೇಳು ಎಂದು ತೋರಿಸಿಕೊಟ್ಟೆ. ಅವಳು ಅಂಗೈಯನ್ನು ಬಾಯಿಯ ಮುಂದೆ ಹಿಡಿದು, ಉಸಿರು ತಾಗುತ್ತದೆಯೋ ಇಲ್ಲವೋ ಎಂದು ನೋಡಿಕೊಳ್ಳುತ್ತ ತಿಂಗಳುಗಟ್ಟಲೆ ಅಭ್ಯಾಸ ಮಾಡಿದಳು. ಮಳೆ ಮರಳಿ ಬರುವ ಹೊತ್ತಿಗೆ ತಾನೇ ಪಕ್ಕದ ಬೆಂಚಿನವರನ್ನು ತಿದ್ದತೊಡಗಿದ್ದಳು. ಎರಡು ವಾರಕ್ಕೆಂದು ಬಂದು ಹೋಗುವವರಿಗೆ ಇಂಥ ಕೆಲಸ ಸಾಧ್ಯವಾಗುವುದಿಲ್ಲ.

ಹಾಗೆ ಬಂದು ಹೋಗುವವರು ಅಲ್ಲಿ ಬಹಳ. ಒಳ್ಳೆಯ ಮನಸ್ಸಿನ ಎಳೆಯರು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಪ್ರತಿ ತಂಡವೂ ಹೊಸದಾಗಿ ಆರಂಭಿಸುವುದು ಬಣ್ಣಗಳ ಹೆಸರಿನಿಂದಲೇ ಆದ್ದರಿಂದ, ಮಕ್ಕಳು ಕೆಂಪು, ಹಳದಿ, ನೀಲಿಯನ್ನು ಮತ್ತೆ ಮತ್ತೆ ಕಲಿಯುತ್ತಾರೆ, ಭೂತಕಾಲದ ಪಾಠಕ್ಕೆ ಎಂದೂ ಬಂದು ಮುಟ್ಟುವುದಿಲ್ಲ. ಅದಕ್ಕಿಂತ ನೋವಿನ ಸಂಗತಿಯೆಂದರೆ, ವಿದೇಶಿಯರು ತರಗತಿಗೆ ಬಂದಾಗ ಅಲ್ಲಿನ ಕಾಯಂ ಶಿಕ್ಷಕರು ಹಿಂದಿನ ಬೆಂಚಿಗೆ ಸರಿದು ಕೂರುತ್ತಾರೆ. ತಮ್ಮದೇ ವಿದ್ಯಾರ್ಥಿಗಳ ಮುಂದೆ ಅವರ ಸ್ಥಾನ ಸಣ್ಣದಾಗುತ್ತದೆ.

ಆ ಶಿಕ್ಷಕರ ಹಿನ್ನೆಲೆಯನ್ನು ಅರಿಯದೆ ಅಲ್ಲಿಗೆ ಹೋಗಬಾರದು. 1975ರಿಂದ 1979ರವರೆಗೆ ನಡೆದ, ಖ್ಮೇರ್ ರೂಜ್ ಎಂಬ ಉಗ್ರ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆಯಲ್ಲಿ ಶಾಲೆಗಳು ಮುಚ್ಚಿಹೋದವು, ಓದು ಬಲ್ಲವರೆಂಬ ಕಾರಣಕ್ಕೇ ಅಸಂಖ್ಯ ಶಿಕ್ಷಕರು ಪ್ರಾಣ ಕಳೆದುಕೊಂಡರು. ಅದಾದ ಮೇಲಿನ ದಶಕದಲ್ಲಿ ಕಲಿಸುತ್ತಿದ್ದ ವಿದೇಶಿ ಭಾಷೆಗಳು ವಿಯೆಟ್ನಾಮೀಸ್ ಮತ್ತು ರಷ್ಯನ್. 1999ರಲ್ಲಿ ದೇಶವು ಆಗ್ನೇಯ ಏಷ್ಯಾದ ರಾಷ್ಟ್ರಗಳ ಆಸಿಯಾನ್ ಕೂಟವನ್ನು ಸೇರಿದ ಬಳಿಕ, ಆ ಕೂಟದ ವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ನಡೆಯುವುದರಿಂದ, ಇಂಗ್ಲಿಷಿನ ಬೇಡಿಕೆ ಇನ್ನಷ್ಟು ಬೆಳೆಯಿತು. ನನ್ನ ಸಹೋದ್ಯೋಗಿಯಾಗಿದ್ದ ಶಿಕ್ಷಕರು ವ್ಯಾಕರಣವನ್ನು ನನಗಿಂತ ಚೆನ್ನಾಗಿ ಬಲ್ಲವರು, ಆದರೆ ಇಂಗ್ಲಿಷಿನಲ್ಲಿ ನಿರಾತಂಕವಾಗಿ ಮಾತಾಡಲು ಅವರಿಗೆ ಜೊತೆಯೇ ಸಿಕ್ಕಿರಲಿಲ್ಲ. ಸಂಬಳ ಸಾಲದೆ ಸಂಜೆ ಮನೆಪಾಠ, ಬಿಡುವಿನಲ್ಲಿ ಗದ್ದೆ ಕೆಲಸ. ಬೆಳಗಿನ ಪಾಳಿ ಮುಗಿದು ಮಧ್ಯಾಹ್ನದ ಪಾಳಿ ಶುರುವಾಗುವ ನಡುವಿನ ಸುಡುಬಿಸಿಲಿನ ಹೊತ್ತಿನಲ್ಲಿ ನಾವಿಬ್ಬರೂ ಕೂತು ಮರುದಿನದ ಪಾಠವನ್ನು ಇಂಗ್ಲಿಷಿನಲ್ಲೇ ಚರ್ಚಿಸುತ್ತಿದ್ದೆವು. ತರಗತಿಯಲ್ಲಿ ನಾನು ಕಳೆದ ಗಂಟೆಗಳೆಲ್ಲಕ್ಕಿಂತ ಹೆಚ್ಚು ಪ್ರಯೋಜನವಾದದ್ದು ಆ ಹೊತ್ತಿನದು ಎಂದು ನಾನು ಖಚಿತವಾಗಿ ಹೇಳಬಲ್ಲೆ, ಏಕೆಂದರೆ ನಾನು ಮರಳಿ ಬಂದ ಮೇಲೂ ಅಲ್ಲಿ ಉಳಿದು ಕಲಿಸುತ್ತಿರುವವರು ಅವರು.

ಹಣದ ವಿಷಯವನ್ನೂ ತಂದೆ ತಾಯಂದಿರ ಗಮನಕ್ಕೆ ತರಬೇಕು. ಸೇವೆ ಮಾಡಲು ಹೋಗುವವರಿಂದಲೇ ದೊಡ್ಡ ಮೊತ್ತ ಪಡೆಯುವ ಮಧ್ಯವರ್ತಿಗಳಿದ್ದಾರೆ. ಆ ಹಣದಲ್ಲಿ ಶಾಲೆಗೆ ಸಲ್ಲುವುದೆಷ್ಟು ಎಂದು ಬರಹದಲ್ಲಿ ಕೇಳಿ ಪಡೆಯದೆ ಯಾರೂ ಕಾಸು ಕಟ್ಟಬಾರದು. ಪ್ರವಾಸಿ ವೀಸಾ ಸಾಕು ಎನ್ನುವವರನ್ನು ನಂಬಬಾರದು, ಸಂಬಳವಿಲ್ಲದಿದ್ದರೂ ಕೆಲಸ ಕೆಲಸವೇ ಎಂದು ಪರಿಗಣಿಸುವ ದೇಶಗಳಿವೆ. ಅನಾಥಾಲಯದಲ್ಲಿ ಇಂಗ್ಲಿಷ್ ಕಲಿಸುವ ಆಹ್ವಾನ ಬಂದರಂತೂ ಇನ್ನೂ ಎಚ್ಚರ ಬೇಕು. ಕಾಂಬೋಡಿಯಾದಲ್ಲಿ 2005ರಿಂದ 2010ರ ನಡುವೆ ಇಂಥ ನಿಲಯಗಳ ಸಂಖ್ಯೆ ಶೇಕಡಾ 75ರಷ್ಟು ಏರಿತೆಂದೂ, ಅಲ್ಲಿರುವ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ತಂದೆಯೋ ತಾಯಿಯೋ ಬದುಕಿದ್ದಾರೆಂದೂ ಯುನಿಸೆಫ್ ಮತ್ತು ಅಲ್ಲಿನ ಸರ್ಕಾರ 2011ರಲ್ಲಿ ಬಯಲಿಗೆ ತಂದವು. ನೋಡಲು ಬರುವವರ ದೇಣಿಗೆಗಾಗಿ ಮಕ್ಕಳನ್ನು ಮನೆಯಿಂದ ದೂರವಿಡುವ ವ್ಯವಸ್ಥೆಗೆ ನಮ್ಮ ಮಕ್ಕಳ ರಜೆಯ ಉತ್ಸಾಹ ನೆರವಾಗಬಾರದು. ಇದಕ್ಕೆ ಬದಲಾಗಿ, 1970ರಲ್ಲಿ ಸ್ಥಾಪನೆಗೊಂಡು ಜರ್ಮನಿಯ ಬಾನ್ ನಗರದಿಂದ ನಡೆಯುತ್ತಿರುವ ವಿಶ್ವಸಂಸ್ಥೆಯ ಸ್ವಯಂಸೇವಕ ಯೋಜನೆಯಂಥವು ಇವೆ. ಅವು ಹಣ ಕೇಳುವುದಿಲ್ಲ, ಬದಲಿಗೆ ಜೀವನಭತ್ಯೆ ಕೊಡುತ್ತವೆ, ಅರ್ಹತೆಯನ್ನೂ ಕಟ್ಟುನಿಟ್ಟಾಗಿ ನೋಡುತ್ತವೆ. ನಮ್ಮ ದೇಶಕ್ಕೇ 1961ರಿಂದ 1976ರವರೆಗೆ ಅಮೆರಿಕ ಸರ್ಕಾರದ ಸೇವಾ ಸಂಸ್ಥೆಯಾದ ಪೀಸ್ ಕೋರ್‌ನ ಸ್ವಯಂಸೇವಕರು ಬರುತ್ತಿದ್ದರು. ಸ್ಥಳೀಯ ಭಾಷೆಯ ತರಬೇತಿ ಪಡೆದು, ಎರಡು ವರ್ಷ ನಿಲ್ಲಲು ಒಪ್ಪಿ ಬರುವುದು ಅವರ ಪದ್ಧತಿಯಾಗಿತ್ತು.

ಹೋಗಬೇಡಿ ಎನ್ನುವುದು ನನ್ನ ಅಭಿಪ್ರಾಯವಲ್ಲ. ಕನಿಷ್ಠ ಒಂದು ಶಾಲಾ ವರ್ಷ ನಿಲ್ಲುವ, ಅಲ್ಲಿನ ಶಿಕ್ಷಕರೊಬ್ಬರ ಪಕ್ಕದಲ್ಲಿ ನಿಂತು ಕಲಿಸುವ ಮನಸ್ಸಿದ್ದವರು ಖಂಡಿತ ಹೋಗಲಿ. ಆದರೆ ಮೊದಲು ಇಲ್ಲಿ ಕಲಿಸಿ ನೋಡಲಿ. ಮುಂಬಯಿ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲೊಂದು. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಅಲ್ಲಿ ಓದುತ್ತಿದ್ದಾರೆ. ಮನೆಯಲ್ಲಿ ಇಂಗ್ಲಿಷಿನ ಒಂದು ಪದವೂ ಕಿವಿಗೆ ಬೀಳದ ಮಕ್ಕಳು ಅವರು. ಹೋಟೆಲಿನಲ್ಲಿ ಹಗಲು ದುಡಿದು ಫೋರ್ಟಿನ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮೇಲೆ ಬಂದ ತಲೆಮಾರುಗಳ ಊರು ಇದು, ಆ ಶಾಲೆಗಳಲ್ಲಿ ಸಂಬಳದ ಆಸೆಯಿಲ್ಲದೆ ಪಾಠ ಮಾಡಿದ ಹಿರಿಯರನ್ನು ನಮ್ಮ ಸಂಘಗಳು ಇಂದಿಗೂ ನೆನೆಯುತ್ತವೆ.

ಆ ಸಂಘಗಳಲ್ಲಿ ನನ್ನ ವಿನಂತಿ ಇಷ್ಟು. ವಿದ್ಯಾರ್ಥಿವೇತನ ವಿತರಣೆಯ ಜೊತೆಗೆ, ವಿದೇಶ ಸೇವೆಗೆ ಹೊರಡಲು ಬಯಸುವ ಯುವಕರ ಹೆಸರು ಬರೆದುಕೊಂಡು, ಅವರನ್ನು ಸಮೀಪದ ಕನ್ನಡ ಶಾಲೆಯ ಮುಖ್ಯಾಧ್ಯಾಪಕರಿಗೆ ಪರಿಚಯಿಸಿಕೊಡಲಿ. ವಾರಕ್ಕೆ ಎರಡು ಸಂಜೆಯಾದರೂ ಅವರು ಅಲ್ಲಿನ ಶಿಕ್ಷಕರ ಜೊತೆ ಕೂತು ಪಾಠ ಸಿದ್ಧಪಡಿಸಲಿ. ನಮ್ಮ ಶಾಲೆಗಳು ತೆರೆಯುವುದು ಜೂನ್‌ನಲ್ಲಿ, ಕಾಂಬೋಡಿಯಾದಲ್ಲಿ ಶಾಲಾ ವರ್ಷ ಆರಂಭವಾಗುವುದು ಸಾಮಾನ್ಯವಾಗಿ ಮಳೆಗಾಲ ಕಳೆದ ಮೇಲೆ. ನಡುವಿನ ಆ ತಿಂಗಳುಗಳು ಒಬ್ಬ ಹೊಸಬ ತನ್ನನ್ನು ಪರೀಕ್ಷಿಸಿಕೊಳ್ಳಲು ಸಾಕು. ಯಾವುದಾದರೂ ಸಂಘ ಈ ಕೆಲಸಕ್ಕೆ ಮುಂದಾದರೆ, ನನ್ನಂಥ ನಿವೃತ್ತ ಶಿಕ್ಷಕ ಶಿಕ್ಷಕಿಯರು ಮಾರ್ಗದರ್ಶನಕ್ಕೆ ಸಿದ್ಧರಿದ್ದೇವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ, ಡೊಂಬಿವಲಿ (ಪೂರ್ವ)