ಡಬ್ಬದ ಮೇಲಿನ ಪೆಂಗ್ವಿನ್ ಬಗ್ಗೆ ಒಂದು ದೂರು

ಶಿವಮೊಗ್ಗ
14 ನವೆಂಬರ್ 2025

ಗೆ,
ದೂರು ಪರಿಹಾರ ಅಧಿಕಾರಿಗಳು,
ಗೇಮ್ ಕಂಟ್ರೋಲರ್ ವಿಭಾಗ

ವಿಷಯ: ನಿಮ್ಮ ಫರ್ಮ್‌ವೇರ್ (ಕಂಟ್ರೋಲರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಹಾಕಿದ ಮೇಲೆ ಲಿನಕ್ಸ್‌ನಲ್ಲಿ ಕೆಲಸ ನಿಲ್ಲಿಸಿದ ಎರಡು ಕಂಟ್ರೋಲರ್‌ಗಳು

ಮಾನ್ಯರೇ,

ಇಂಗ್ಲಿಷಿನಲ್ಲಿ ಮೂರು ಸಲ ಬರೆದು ನೋಡಿದೆ, ಪ್ರಯೋಜನ ಆಗಲಿಲ್ಲ. ನಿಮ್ಮ ಸಹಾಯ ಪುಟದಲ್ಲಿ ಕನ್ನಡದಲ್ಲೂ ಬರೆಯಬಹುದು ಅಂತ ಇದೆ. ಅದಕ್ಕೆ ಈ ಸಲ ಕನ್ನಡದಲ್ಲಿ, ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಆಗಸ್ಟ್ 23ರಂದು ನಿಮ್ಮದೇ ವೆಬ್‌ಸೈಟಿನಿಂದ ಎರಡು ವೈರ್‌ಲೆಸ್ ಕಂಟ್ರೋಲರ್ ತರಿಸಿದೆ. ಗಣೇಶನ ಹಬ್ಬದ ಆಫರ್, ಒಂದಕ್ಕೆ 3,299 ರೂಪಾಯಿ. ಒಂದು ನನಗೆ, ಇನ್ನೊಂದು ಸಾಗರದಲ್ಲಿರುವ ಅಕ್ಕನ ಮಗನಿಗೆ. ಇದಕ್ಕಿಂತ 600 ರೂಪಾಯಿ ಕಡಿಮೆಗೆ ಬೇರೆ ಕಂಪನಿಯದು ಸಿಗುತ್ತಿತ್ತು. ಆದರೂ ನಿಮ್ಮದನ್ನೇ ಆರಿಸಿದೆ. ಡಬ್ಬದ ಹಿಂಬದಿಯಲ್ಲಿ ವಿಂಡೋಸ್, ಆಂಡ್ರಾಯ್ಡ್ ಗುರುತುಗಳ ಪಕ್ಕ ಒಂದು ಪುಟ್ಟ ಪೆಂಗ್ವಿನ್ ಇದೆ, ಕೆಳಗೆ 'ಲಿನಕ್ಸ್' ಅಂತ ಅಚ್ಚಾಗಿದೆ. ನಮ್ಮ ಎರಡೂ ಮನೆಗಳ ಕಂಪ್ಯೂಟರಿನಲ್ಲಿ ಇರುವುದು ವಿಂಡೋಸ್ ಅಲ್ಲ, ಲಿನಕ್ಸ್ ಮಾತ್ರ. ಆ ಪೆಂಗ್ವಿನ್‌ಗೆ ನಾನು ಕೊಟ್ಟ ಬೆಲೆ, ಎರಡಕ್ಕೂ ಸೇರಿ, 1,200 ರೂಪಾಯಿ ಅಂತ ಇಟ್ಟುಕೊಳ್ಳಿ.

ಮೊದಲ ಆರು ವಾರ ಚಕಾರ ಎತ್ತುವ ಹಾಗಿರಲಿಲ್ಲ. ಡಾಂಗಲ್ (ವೈರ್‌ಲೆಸ್ ಸಂಪರ್ಕಕ್ಕೆ ಕಂಪ್ಯೂಟರಿಗೆ ಹಾಕುವ ಪುಟ್ಟ ತುಂಡು) ಸಿಕ್ಕಿಸಿದರೆ ಸಾಕು, ಕಂಟ್ರೋಲರ್ ಕೆಲಸ ಶುರು ಮಾಡುತ್ತಿತ್ತು. ನಾನು ಯಾವ ಡ್ರೈವರನ್ನೂ (ವಸ್ತುವಿನ ಜೊತೆ ಕಂಪ್ಯೂಟರ್ ಮಾತಾಡಲು ಬೇಕಾದ ಸಾಫ್ಟ್‌ವೇರ್) ಹಾಕಲಿಲ್ಲ. ಆಟಗಳನ್ನು ಕೊಳ್ಳುವ ಸ್ಟೀಮ್‌ನಲ್ಲಿ ಪ್ರೋಟಾನ್ ಅನ್ನುವ ಸಾಧನ ಇರುವುದರಿಂದ ವಿಂಡೋಸ್‌ಗೆ ಮಾಡಿದ ಆಟಗಳೂ ಓಡಿದವು. ಅಕ್ಕನ ಮಗ ಸೂಪರ್‌ಟಕ್ಸ್‌ಕಾರ್ಟ್ ಆಡುತ್ತಿದ್ದ. ಅದರಲ್ಲೂ ಪೆಂಗ್ವಿನ್ ಕಾರು ಓಡಿಸುತ್ತದೆ. "ಡಬ್ಬದ ಮೇಲಿರೋದೂ ಇದೇ ಅಲ್ವಾ ಮಾಮ" ಅಂತ ಕೇಳಿದ. ಹೌದಪ್ಪ ಅಂದೆ.

ಅಕ್ಟೋಬರ್ 4ರಂದು ನಿಮ್ಮಿಂದ ಮೇಲ್ ಬಂತು. ಹೊಸ ಫರ್ಮ್‌ವೇರ್ ಬಂದಿದೆ, ವೈರ್‌ಲೆಸ್ ಸಂಪರ್ಕ ಕಡಿದು ಹೋಗುವುದು ಸರಿಯಾಗುತ್ತದೆ, ತಪ್ಪದೆ ಹಾಕಿ ಅಂತ. ದಸರಾ ರಜೆ, ಹುಡುಗ ತನ್ನ ಕಂಟ್ರೋಲರ್ ಸಮೇತ ನಮ್ಮ ಮನೆಯಲ್ಲೇ ಇದ್ದ. ಅಪ್‌ಡೇಟ್ ಮಾಡುವ ನಿಮ್ಮ ಸಾಫ್ಟ್‌ವೇರ್ ವಿಂಡೋಸ್‌ಗೆ ಮಾತ್ರ ಇದೆ. ಲಿನಕ್ಸ್‌ನಲ್ಲಿ ವಿಂಡೋಸ್ ಸಾಫ್ಟ್‌ವೇರ್ ನಡೆಸುವ ವೈನ್‌ನಲ್ಲಿ ಓಡಿಸಿದೆ. ಸಾಫ್ಟ್‌ವೇರ್ ತೆರೆಯಿತು, ಅದಕ್ಕೆ ಕಂಟ್ರೋಲರ್ ಕಾಣಲಿಲ್ಲ. ಕೊನೆಗೆ ನಮ್ಮ ಬೀದಿಯ ಜೆರಾಕ್ಸ್ ಅಂಗಡಿಗೆ ಹೋದೆವು. ಆಧಾರ್ ಪ್ರಿಂಟ್ ತೆಗೆಯುವ ಕಂಪ್ಯೂಟರಿಗೆ ನಿಮ್ಮ ಸಾಫ್ಟ್‌ವೇರ್ ಹಾಕಲು ಅವರು ಒಪ್ಪಿದ್ದೇ ದೊಡ್ಡದು. ಎರಡು ಕಂಟ್ರೋಲರ್, ಎರಡು ಡಾಂಗಲ್, 40 ನಿಮಿಷ. 50 ರೂಪಾಯಿ ತಗೊಂಡರು. ಒಂದನ್ನು ಮಾಡಿ, ನೋಡಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಬೇಕಿತ್ತು. ಆ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ.

ಮನೆಗೆ ಬಂದು ಸಿಕ್ಕಿಸಿದರೆ ಎರಡೂ ಸತ್ತಂತೆ ಕೂತವು. ದೀಪ ಉರಿಯುತ್ತದೆ, ಆಟಕ್ಕೆ ಮಾತ್ರ ಕಂಟ್ರೋಲರ್ ಇಲ್ಲ. ಡಾಂಗಲ್ ಬಿಟ್ಟು ಕೇಬಲ್ ಹಾಕಿದರೂ ಅದೇ ಕಥೆ.

ನಿಮಗೆ ಬರೆದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು: "ನಿಮ್ಮ ಗ್ರಾಫಿಕ್ಸ್ ಡ್ರೈವರ್ ತೆಗೆದು ಹಾಕಿ, ಕಾರ್ಡ್ ತಯಾರಕರ ವೆಬ್‌ಸೈಟಿನಿಂದ ಹೊಸದನ್ನು ಇನ್‌ಸ್ಟಾಲ್ ಮಾಡಿ." ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ನನ್ನದು ಎಎಂಡಿಯ ಆರ್‌ಎಕ್ಸ್ 580, 2017ರ ಗ್ರಾಫಿಕ್ಸ್ ಕಾರ್ಡ್. ಅದರ ಡ್ರೈವರ್‌ನ ಅರ್ಧ ಭಾಗ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಇದೆ, ಉಳಿದದ್ದು ಮೆಸಾ ಅನ್ನುವ ಗ್ರಾಫಿಕ್ಸ್ ಸಾಫ್ಟ್‌ವೇರ್‌ನಲ್ಲಿದೆ. ಎರಡೂ ಓಪನ್ ಸೋರ್ಸ್. ನಾನು ಯಾವ ವೆಬ್‌ಸೈಟಿನಿಂದಲೂ ಏನನ್ನೂ ಇಳಿಸಿಕೊಂಡಿಲ್ಲ, ಇಳಿಸಿಕೊಳ್ಳಬೇಕಾಗಿಯೂ ಇಲ್ಲ. ಆಟದ ಚಿತ್ರ ಮೂಡಿಸಲು ಬೇಕಾದ ವಲ್ಕನ್ ಡ್ರೈವರ್ ಅಂದರೆ ಮೆಸಾದಲ್ಲೇ ಇರುವ ರಾಡ್‌ವಿ. ಅದನ್ನು 2016ರಲ್ಲಿ ಶುರು ಮಾಡಿದವರು ಎಎಂಡಿಯವರೂ ಅಲ್ಲ, ಹೊರಗಿನವರು. ಎಂಟು ವರ್ಷದ ಹಳೆಯ ಕಾರ್ಡ್ ಇವತ್ತಿಗೂ ನಮ್ಮ ಮನೆಯಲ್ಲಿ ಗಟ್ಟಿಯಾಗಿ ಓಡುತ್ತಿದೆ. ಆರು ವಾರಕ್ಕೆ ಮಲಗಿದ್ದು ನಿಮ್ಮ ಕಂಟ್ರೋಲರ್. ಅಷ್ಟಕ್ಕೂ ಗುಂಡಿ ಒತ್ತಿದ್ದು ಕಂಪ್ಯೂಟರಿಗೆ ತಿಳಿಯುವುದಕ್ಕೂ ಗ್ರಾಫಿಕ್ಸ್ ಕಾರ್ಡಿಗೂ ಸಂಬಂಧವೇ ಇಲ್ಲ.

ಎರಡನೇ ಉತ್ತರ: "ಸ್ವಿಚ್ ಮೋಡ್‌ನಲ್ಲಿ ಬಳಸಿ." ಅಂದರೆ ನಿಂಟೆಂಡೋದ ಸ್ವಿಚ್ ಅನ್ನುವ ಆಟದ ಯಂತ್ರದ ಕಂಟ್ರೋಲರ್ ಹಾಗೆ ವರ್ತಿಸುವ ಮೋಡ್. ಬಳಸಿ ನೋಡಿದೆ. ಕೆಲಸ ಮಾಡುತ್ತದೆ, ಯಾಕೆಂದರೆ ನಿಂಟೆಂಡೋ ಸ್ವಿಚ್ ಕಂಟ್ರೋಲರ್‌ಗಳ ಡ್ರೈವರ್ ಕರ್ನಲ್ 5.16ರಿಂದಲೇ ಒಳಗಿದೆ. ಆದರೆ ಸ್ವಿಚ್ ಕಂಟ್ರೋಲರ್‌ನ ಹಿಂದಿನ ಟ್ರಿಗರ್‌ಗಳಿಗೆ ಎಷ್ಟು ಒತ್ತಿದಿರಿ ಅನ್ನುವುದು ಗೊತ್ತಾಗುವುದಿಲ್ಲ. ಒತ್ತಿದೆ, ಒತ್ತಿಲ್ಲ, ಎರಡೇ. ಆ ಮೋಡ್‌ಗೆ ಹೋದರೆ ನಿಮ್ಮ ಕಂಟ್ರೋಲರ್ ಕೂಡ ಹಾಗೇ ಆಗುತ್ತದೆ. ಕಾರಿನ ಆಟದಲ್ಲಿ ಆಕ್ಸಿಲರೇಟರ್ ಒಂದೋ ಪೂರ್ತಿ, ಇಲ್ಲವೋ ಸೊನ್ನೆ. ಆಗುಂಬೆ ಘಾಟಿಯನ್ನು ಹಾಗೆ ಇಳಿದು ನೋಡಿ, ಗೊತ್ತಾಗುತ್ತದೆ.

ಮೂರನೇ ಉತ್ತರ ಅಕ್ಟೋಬರ್ 29ರಂದು ಬಂತು, ಒಂದೇ ಸಾಲು: "ಲಿನಕ್ಸ್‌ಗೆ ನಾವು ಬೆಂಬಲ ಕೊಡುವುದಿಲ್ಲ, ವಿಂಡೋಸ್ ಬಳಸಿ." ನನಗೆ ಸಿಟ್ಟು ಬಂದದ್ದು ಇಲ್ಲಿ. ಡಬ್ಬದ ಫೋಟೋ ಈ ಪತ್ರದ ಜೊತೆ ಇಟ್ಟಿದ್ದೇನೆ. ಪೆಂಗ್ವಿನ್ ಚೆನ್ನಾಗಿಯೇ ಕಾಣುತ್ತದೆ.

ನಿಮ್ಮವರು ಹುಡುಕದೆ ಬಿಟ್ಟ ಕಾರಣವನ್ನು ನಾನೇ ಹುಡುಕಿದೆ. ಒಂದು ಸಂಜೆ ಸಾಕಾಯಿತು. ಯುಎಸ್‌ಬಿಗೆ ಸಿಕ್ಕಿಸಿದ ಪ್ರತಿ ವಸ್ತುವೂ ಕಂಪ್ಯೂಟರಿಗೆ ಎರಡು ಸಂಖ್ಯೆ ಹೇಳುತ್ತದೆ: ಮಾಡಿದ ಕಂಪನಿಯದು ಒಂದು, ಆ ವಸ್ತುವಿನದು ಒಂದು. ಸೆಪ್ಟೆಂಬರಿನ ಲಾಗ್ ತೆಗೆದು ನೋಡಿದರೆ ನಿಮ್ಮ ಕಂಟ್ರೋಲರ್ ಮೈಕ್ರೋಸಾಫ್ಟ್‌ನ ಸಂಖ್ಯೆಗಳನ್ನು ಕೊಟ್ಟು, ತಾನು ಎಕ್ಸ್‌ಬಾಕ್ಸ್ 360 ಕಂಟ್ರೋಲರ್ ಅಂತ ಹೇಳಿಕೊಂಡಿದೆ. ಅಂದರೆ ಪಕ್ಕದ ಮನೆಯವರ ಹೆಸರು ಹೇಳಿ ಒಳಗೆ ಬರುತ್ತಿತ್ತು. ಹೊಸ ಫರ್ಮ್‌ವೇರ್‌ನಲ್ಲಿ ನೀವು ಸ್ವಂತ ಹೆಸರು ಕೊಟ್ಟಿದ್ದೀರಿ. ಅದು ಒಳ್ಳೆಯದೇ, ನಾನು ಬೇಡ ಅನ್ನುವುದಿಲ್ಲ. ಆದರೆ ಲಿನಕ್ಸ್‌ನಲ್ಲಿ ಬಾಗಿಲು ತೆಗೆಯುವುದು ಎಕ್ಸ್‌ಪ್ಯಾಡ್ ಅನ್ನುವ ಡ್ರೈವರ್. ಅದರ ಬಳಿ ಕಂಪನಿಗಳ ಪಟ್ಟಿ ಇರುತ್ತದೆ. ನಿಮ್ಮ ಹೆಸರು ಆ ಪಟ್ಟಿಯಲ್ಲಿ ಇಲ್ಲ. ವಿಂಡೋಸ್ ಈ ಪಟ್ಟಿ ನೋಡುವುದಿಲ್ಲ, ಕಂಟ್ರೋಲರ್ ತಾನು ಎಂಥದ್ದು ಅಂತ ಹೇಳುವ ಬೇರೆ ಗುರುತು ನೋಡುತ್ತದೆ. ಹಾಗಾಗಿ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲ ಸರಿಯಾಗಿ ಕಂಡಿತು.

ಇದು ಬರೀ ಊಹೆ ಅಲ್ಲ. ಎಕ್ಸ್‌ಪ್ಯಾಡ್‌ಗೆ ಹೊಸ ಸಂಖ್ಯೆಯನ್ನು ಕೈಯಿಂದ ತಿಳಿಸಲು ಒಂದು ದಾರಿ ಇದೆ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ, 'ನ್ಯೂ ಐಡಿ' ಅನ್ನುವ ಫೈಲಿಗೆ ನಿಮ್ಮ ಎರಡು ಸಂಖ್ಯೆ ಬರೆದೆ. ಆ ಕ್ಷಣಕ್ಕೇ ಕಂಟ್ರೋಲರ್ ಎದ್ದು ಕೂತಿತು. ಗುಂಡಿಗಳು, ಟ್ರಿಗರ್, ಕಂಪನ, ಎಲ್ಲವೂ ಸರಿ. ವಸ್ತುವಿನಲ್ಲಿ ಯಾವ ದೋಷವೂ ಇಲ್ಲ ಅನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೇ? ತೊಂದರೆ ಏನೆಂದರೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೊದಲಿನ ಸ್ಥಿತಿ. ನಾನು ಅದನ್ನು ತಾನಾಗಿಯೇ ಆಗುವ ಹಾಗೆ ಮಾಡಿಕೊಂಡಿದ್ದೇನೆ. ಅಕ್ಕನ ಮನೆಗೆ ಹೋಗಿ ಅಲ್ಲಿಯೂ ಮಾಡಿಕೊಡಬಹುದು. ಆದರೆ ನಾಳೆ ನೀವು ಇನ್ನೊಂದು ಅಪ್‌ಡೇಟ್ ಬಿಟ್ಟು ಸಂಖ್ಯೆ ಬದಲಾಯಿಸಿದರೆ ಮತ್ತೆ ಸಾಗರದ ಬಸ್ ಹತ್ತಬೇಕು. 3,299 ರೂಪಾಯಿ ಕೊಟ್ಟ ಮೇಲೂ ಈ ಕೆಲಸ ನನ್ನದಾ?

ನಿಮ್ಮ ಕಡೆಯ ಕೆಲಸ ಎಷ್ಟು ಚಿಕ್ಕದು ಅಂತಲೂ ಹೇಳಿಬಿಡುತ್ತೇನೆ. ಎಕ್ಸ್‌ಪ್ಯಾಡ್‌ನ ಪಟ್ಟಿಗೆ ನಿಮ್ಮ ಕಂಪನಿಯ ಸಂಖ್ಯೆ ಸೇರಿಸಲು ಒಂದು ಸಾಲು ಸಾಕು. ಒಮ್ಮೆ ಸೇರಿದರೆ, ಇದೇ ರೀತಿ ಮಾತಾಡುವ ನಿಮ್ಮ ಮುಂದಿನ ಮಾಡೆಲ್‌ಗಳಿಗೂ ಬಾಗಿಲು ತೆರೆಯುತ್ತದೆ. ಸೋನಿಯವರು ತಮ್ಮ ಡ್ಯುಯಲ್‌ಸೆನ್ಸ್ ಕಂಟ್ರೋಲರ್‌ಗೆ ಪೂರ್ತಿ ಡ್ರೈವರನ್ನೇ ಬರೆದು ಕೊಟ್ಟರು, 2021ರಲ್ಲಿ ಕರ್ನಲ್ 5.12ಕ್ಕೆ ಅದು ಸೇರಿತು. ನಿಮ್ಮಿಂದ ಅಷ್ಟೆಲ್ಲ ಕೇಳುತ್ತಿಲ್ಲ. ಒಂದು ಸಾಲು ಕೇಳುತ್ತಿದ್ದೇನೆ.

ಆ ಸಾಲನ್ನು ನಾನೇ ಕಳಿಸಬಹುದಲ್ಲ ಅಂತ ನಿಮಗೆ ಅನಿಸಬಹುದು. ಕಳಿಸಬಹುದು, ಯಾರು ಬೇಕಾದರೂ ಕಳಿಸಬಹುದು. ಆದರೆ ಆ ಸಂಖ್ಯೆ ನಿಮ್ಮದೇ ಹೌದಾ, ಮುಂದಿನ ಫರ್ಮ್‌ವೇರ್‌ನಲ್ಲಿ ಮತ್ತೆ ಬದಲಾಗುತ್ತದಾ ಅನ್ನುವುದು ನಿಮಗೆ ಮಾತ್ರ ಗೊತ್ತು. ಜೊತೆಗೆ ಇವತ್ತು ಕಳಿಸಿದ ಸಾಲು ಕರ್ನಲ್‌ಗೆ ಸೇರಿ, ಅಲ್ಲಿಂದ ಹುಡುಗ ಬಳಸುವ ಲಿನಕ್ಸ್ ಮಿಂಟ್ ಅನ್ನುವ ಆವೃತ್ತಿಗೆ ಇಳಿದು, ಸಾಗರದ ಆ ಕಂಪ್ಯೂಟರಿಗೆ ತಲುಪುವ ಹೊತ್ತಿಗೆ ಹುಡುಗನ ವಾರ್ಷಿಕ ಪರೀಕ್ಷೆ ಬಂದಿರುತ್ತದೆ. ಆಗ ಅಕ್ಕ ಕಂಟ್ರೋಲರನ್ನು ಬೀರುವಿಗೆ ಸೇರಿಸುವುದು ಖಂಡಿತ.

ಅದಕ್ಕೇ ಈಗಲೇ ಬೇಕಾದದ್ದು ಹಳೆಯ ಫರ್ಮ್‌ವೇರ್. ಅದರ ಫೈಲನ್ನೂ ವಾಪಸ್ ಹಾಕುವ ವಿಧಾನವನ್ನೂ ಕಳಿಸಿ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಹಿಂದಕ್ಕೆ ಹೋಗುವ ಆಯ್ಕೆಯೇ ಇಲ್ಲ. ಮತ್ತೆ ಜೆರಾಕ್ಸ್ ಅಂಗಡಿಗೆ ಹೋಗಬೇಕಾದರೂ ಹೋಗುತ್ತೇನೆ, ಬೇಜಾರಿಲ್ಲ. ಆಮೇಲೆ ಆ ಒಂದು ಸಾಲನ್ನು ನಿಮ್ಮ ಎಂಜಿನಿಯರುಗಳಿಂದ ಕರ್ನಲ್‌ಗೆ ಕಳಿಸಿ. ಇನ್ನು ಮುಂದಿನ ಅಪ್‌ಡೇಟ್‌ಗಳನ್ನು ಎಲ್‌ವಿಎಫ್‌ಎಸ್‌ಗೆ (ಲಿನಕ್ಸ್‌ನವರಿಗೆ ಫರ್ಮ್‌ವೇರ್ ಒದಗಿಸುವ ಆನ್‌ಲೈನ್ ಉಗ್ರಾಣ) ಹಾಕಿದರೆ ಲಿನಕ್ಸ್‌ನ ಎಫ್‌ಡಬ್ಲ್ಯೂಅಪ್‌ಡಿ ಅನ್ನುವ ಸಾಫ್ಟ್‌ವೇರ್‌ನಿಂದಲೇ ಇಳಿಸಿ ಹಾಕಿಕೊಳ್ಳಬಹುದು. ಬೇರೆ ಕಂಟ್ರೋಲರ್ ಕಂಪನಿಯವರು ಇದನ್ನು ಮಾಡಿದ್ದಾರೆ.

ಇದ್ಯಾವುದೂ ಆಗುವುದಿಲ್ಲ ಅಂದರೆ ಎರಡನ್ನೂ ವಾಪಸ್ ತಗೊಂಡು 6,598 ರೂಪಾಯಿ ಹಿಂದಿರುಗಿಸಿ. ಡಬ್ಬದಿಂದ ಪೆಂಗ್ವಿನ್‌ನನ್ನೂ ತೆಗೆಯಿರಿ.

ಇನ್ನೊಂದು ವಿಷಯ, ಬರೆಯಲು ಇಷ್ಟವಿಲ್ಲದಿದ್ದರೂ ಬರೆಯಬೇಕಾಗಿದೆ. ನೀವು ನಿಮ್ಮದೇ ವೆಬ್‌ಸೈಟಿನಲ್ಲಿ ಮಾರುತ್ತೀರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದೆ ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ನನ್ನ ಮೊದಲ ಮೇಲ್‌ಗೆ ನೀವು ನಾಲ್ಕು ದಿನ ತಗೊಂಡಿರಿ, ತಿಂಗಳು ದಾಟಿತು. ಇಲ್ಲದ್ದನ್ನು ಇದೆ ಅಂತ ಡಬ್ಬದ ಮೇಲೆ ಬರೆಯುವುದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ದಾರಿ ತಪ್ಪಿಸುವ ಜಾಹೀರಾತು' ಅನ್ನುವ ಹೆಸರಿದೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಶಿವಮೊಗ್ಗದಲ್ಲೇ ಇದೆ. ಗ್ರಾಹಕ ತಾನಿರುವ ಊರಿನಲ್ಲೇ ದೂರು ಹಾಕಬಹುದು, ಇಷ್ಟು ಚಿಕ್ಕ ಮೊತ್ತಕ್ಕೆ ಶುಲ್ಕವೂ ಇಲ್ಲ. ಸುಮ್ನೆ ಹೆದರಿಸುತ್ತಿದ್ದೇನೆ ಅಂದುಕೊಳ್ಳಬೇಡಿ. ಅಲ್ಲಿಯವರೆಗೆ ಹೋಗುವುದು ನನಗೂ ಬೇಡ.

ಬಿಲ್, ಡಬ್ಬದ ಫೋಟೋ, ನಿಮ್ಮ ಮೂರು ಉತ್ತರಗಳು, ಅಪ್‌ಡೇಟ್‌ಗೆ ಮುಂಚಿನ ಮತ್ತು ನಂತರದ ಲಾಗ್‌ಗಳನ್ನು ಲಗತ್ತಿಸಿದ್ದೇನೆ. ಇದನ್ನು ಓದುವವರಿಗೆ ಲಾಗ್ ಅರ್ಥವಾಗದಿದ್ದರೆ ದಯವಿಟ್ಟು ಫರ್ಮ್‌ವೇರ್ ಬರೆದವರಿಗೆ ಕಳಿಸಿ, ಅವರಿಗೆ ಎರಡು ನಿಮಿಷ ಸಾಕು. ಹಳೆಯ ಫರ್ಮ್‌ವೇರ್ ಕಳಿಸಿದರೆ ಮೊದಲು ನನ್ನದಕ್ಕೆ ಮಾತ್ರ ಹಾಕಿ ನೋಡಿ ತಿಳಿಸುತ್ತೇನೆ. ಸಂಜೆ 7ರ ಮೇಲೆ ಯಾವಾಗ ಬೇಕಾದರೂ ಫೋನ್ ಮಾಡಬಹುದು. ಗ್ರಾಫಿಕ್ಸ್ ಡ್ರೈವರ್ ಬಗ್ಗೆ ಮಾತ್ರ ಮತ್ತೆ ಕೇಳಬೇಡಿ.

ಇಂತಿ,
ನಿಮ್ಮ ಎರಡು ಕಂಟ್ರೋಲರ್‌ಗಳ ಗ್ರಾಹಕ